ನಾಲ್ಕನೇ ಪ್ರಶ್ನೆ

ಸರ್ವೆಯವರು ಮೂರನೇ ಸಲ ಬಂದ ದಿನ ಅತ್ತೆ ಒಳಗಿನಿಂದ ಚಿಲಕ ಹಾಕಿಕೊಂಡಳು.

“ಮೊದಲನೇ ಸಲ ಬಂದು ಮನೆ ಎಣಿಸಿದ್ರು. ಅರ್ಧ ಮನೆ ಹೋದವು. ಎರಡನೇ ಸಲ ಬಂದು ಬೆರಳು ಚುಚ್ಚಿ ರಕ್ತ ತಗೊಂಡ್ರು. ರಕ್ತಾನೂ ಹೋಯ್ತು, ತಗೊಂಡವರೂ ಹೋದ್ರು. ಈ ಸಲ ಏನು ಎಣಿಸ್ತಾರಂತೆ? ನನ್ನ ಹಲ್ಲಾ? ನಾಲ್ಕಿವೆ. ಹೇಳಿ ಕಳಿಸು,” ಎಂದು ಬಾಗಿಲ ಹಿಂದಿನಿಂದಲೇ ಕೂಗಿದಳು.

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಮ್ಮ ಮನೆಗಳ ಸಾಲು ದೊಡ್ಡಾಸ್ಪತ್ರೆಯ ಹಿಂದಿನ ಗೋಡೆಗೆ ಅಂಟಿಕೊಂಡಿದೆ. ಗೋಡೆಯ ಆಚೆ ಆಸ್ಪತ್ರೆ. ಈಚೆ ಆಸ್ಪತ್ರೆಯ ಬಟ್ಟೆ ಒಗೆಯುವ ನಾವು. ಮೊದಲ ಸರ್ವೆ ಆದ ಆರು ತಿಂಗಳಿಗೆ ಅರ್ಧ ಸಾಲು ಕೆಡವಿ ಕಾರು ನಿಲ್ಲಿಸುವ ಜಾಗ ಮಾಡಿದರು. ಎರಡನೇ ಸರ್ವೆಯಲ್ಲಿ ತೆಗೆದ ರಕ್ತದಲ್ಲಿ ಏನು ಸಿಕ್ಕಿತೆಂದು ಇವತ್ತಿನವರೆಗೆ ಯಾರೂ ಬಂದು ಹೇಳಿಲ್ಲ.

ಮೂರನೆಯದು ಭವಿಷ್ಯದ ಸರ್ವೆಯಂತೆ. ಮುಂದೆ ಆಸ್ಪತ್ರೆ ಹೇಗಿರಬೇಕು ಎಂದು ಕೇಳಲು ಬಂದಿದ್ದರಂತೆ. ಸಾಲಿನ ಒಂದು ಬಾಗಿಲೂ ತೆರೆಯಲಿಲ್ಲ. ಬಂದವರು ಗಂಟೆಗಟ್ಟಲೆ ನಿಂತು ವಾಪಸ್ ಹೋದರು.

ಮರುದಿನ ಮೇಸ್ತ್ರಿ ಲಾಂಡ್ರಿ ಶೆಡ್ಡಿಗೆ ಬಂದ. ಅವನು ಕಂತ್ರಾಟುದಾರನ ಕಡೆಯ ಮನುಷ್ಯ. ಯಾರು ಯಾವ ತೊಟ್ಟಿಯಲ್ಲಿ ನಿಲ್ಲಬೇಕು ಎಂದು ಹೇಳುವವನು ಅವನೇ. ನಾನು ಆಗ ರಕ್ತದ ಬಟ್ಟೆಯ ತೊಟ್ಟಿಯಲ್ಲಿದ್ದೆ. ರಕ್ತದ ಬಟ್ಟೆಗೆ ಬಿಸಿನೀರು ತಾಕಿಸಬಾರದು. ತಾಕಿದರೆ ಕಲೆ ಕೂತುಬಿಡುತ್ತದೆ. ತಣ್ಣೀರಲ್ಲಿ ನೆನೆಸಿ, ತುಳಿದು, ಉಜ್ಜಿ, ಆಮೇಲೆ ಕೈ ಸುಡುವ ಕಾಸ್ಟಿಕ್ ಸೋಡಾ ತೊಟ್ಟಿಗೆ ಹಾಕಬೇಕು. ಮಡಿಕೆಯೊಳಗೆ ಏನಿದೆಯೆಂದು ಕೈ ಹಾಕಿಯೇ ನೋಡಬೇಕು. ಸೂಜಿ ಸಿಗುತ್ತದೆ. ಹತ್ತಿ ಉಂಡೆ ಸಿಗುತ್ತದೆ. ಒಂದು ಸಲ ಕಾಲಿನ ಬೆರಳು ಸಿಕ್ಕಿತ್ತು. ರಬ್ಬರಿನ ಕೈಗವಸು ಎರಡೇ ದಿನಕ್ಕೆ ಹರಿಯುತ್ತದೆ. ಹೊಸದು ಬರುವುದು ಎರಡು ತಿಂಗಳಿಗೆ. ನನ್ನ ಅಂಗೈಯಲ್ಲಿ ಗೆರೆಗಳೇ ಉಳಿದಿಲ್ಲ.

“ಏಳನೇ ಕ್ಲಾಸು ಓದಿದೀಯ ತಾನೇ?” ಎಂದ ಮೇಸ್ತ್ರಿ.

“ಓದಿದೀನಿ.”

“ಸರ್ವೆ ಮೇಡಂ ಜೊತೆ ಹತ್ತು ದಿನ ತಿರುಗು. ನಿಮ್ಮೋರು ಬಾಗಿಲು ತೆಗೀತಿಲ್ಲ. ನೀನು ಕರೆದ್ರೆ ತೆಗೀತಾರೆ.”

ಗಾಳಕ್ಕೆ ಹುಳು ಸಿಕ್ಕಿಸುವ ಹಾಗೆ ನನ್ನನ್ನು ಸಿಕ್ಕಿಸುತ್ತಿದ್ದಾನೆಂದು ಗೊತ್ತಾಯಿತು. ಆದರೂ ಹೂಂ ಅಂದೆ. ಹತ್ತು ದಿನ ಸೋಡಾ ನೀರಿಲ್ಲ. ಅಷ್ಟೇ ಯೋಚನೆ ಬಂದಿದ್ದು. ಅಂಗೈ ಒಣಗಿದರೆ ಹೇಗಿರುತ್ತದೆಂದು ಮರೆತೇಹೋಗಿತ್ತು.

ಸರ್ವೆ ಮೇಡಂ ಸಣ್ಣ ವಯಸ್ಸಿನವರು. ಕೈಯಲ್ಲಿ ಸ್ಲೇಟಿನಂಥ ಟ್ಯಾಬು. ನನ್ನನ್ನು ‘ಅಕ್ಕ’ ಎಂದು ಕರೆದರು. ನನಗೆ ಅದೂ ಅನುಮಾನವೇ. ಆಸ್ಪತ್ರೆಯ ಗೋಡೆಯ ಆಚೆಯಿಂದ ಬಂದ ಯಾರೂ ನನ್ನನ್ನು ಅಕ್ಕ ಎಂದಿರಲಿಲ್ಲ.

“ಏನು ಲೆಕ್ಕ ಹಾಕ್ತೀರಿ ಮೇಡಂ?” ಎಂದು ಕೇಳಿದೆ.

“ಮುಂದಿನ ಹದಿನೈದು ವರ್ಷಕ್ಕೆ ಎಷ್ಟು ಹಾಸಿಗೆ ಬೇಕು, ಎಷ್ಟು ಡಾಕ್ಟರ್ ಬೇಕು, ಯಾವ ವಿಭಾಗ ದೊಡ್ಡದು ಮಾಡಬೇಕು, ಯಾವುದು ಮುಚ್ಚಬೇಕು ಅಂತ. ಈಗ ಯಾರು ಎಷ್ಟು ಬಳಸ್ತಾರೆ ಅಂತ ಗೊತ್ತಾದ್ರೆ ಮುಂದೆ ಎಷ್ಟು ಬೇಕಾಗುತ್ತೆ ಅಂತ ಹೇಳಬಹುದು.”

ಅಷ್ಟೊಂದು ಮಾತಿನಲ್ಲಿ ನನ್ನ ಕಿವಿಗೆ ಬಿದ್ದದ್ದು ‘ಮುಚ್ಚಬೇಕು’ ಎನ್ನುವುದೊಂದೇ.

ಮೊದಲ ಎರಡು ದಿನ ಆಸ್ಪತ್ರೆಯ ಮುಂದಿನ ರಸ್ತೆಯ ಮನೆಗಳು. ಅಲ್ಲಿ ನನ್ನ ಕೆಲಸವೇನೂ ಇರಲಿಲ್ಲ. ಛತ್ರಿ, ನೀರಿನ ಬಾಟಲಿ ಹಿಡಿದುಕೊಂಡು ಗೇಟಿನ ಹೊರಗೆ ನಿಲ್ಲುತ್ತಿದ್ದೆ. ಒಳಗೆ ಬಾ ಎಂದು ಮೇಡಂ ಕರೆದಾಗ ಆ ಮನೆಯಾಕೆ, “ಪರವಾಗಿಲ್ಲ, ಅವಳು ಅಲ್ಲೇ ನಿಲ್ಲಲಿ ಬಿಡಿ,” ಎಂದಳು. ನಿಂತೆ. ಕಿಟಕಿ ತೆರೆದಿತ್ತು. ಪ್ರಶ್ನೆಗಳೆಲ್ಲ ಕೇಳಿಸುತ್ತಿದ್ದವು. ಒಂದು ಮನೆಗೆ ನಲವತ್ತು ನಿಮಿಷ. ಡಾಕ್ಟರು ನಗುತ್ತ ಮಾತಾಡಿದರೇ? ಎಷ್ಟು ಹೊತ್ತು ಕಾಯಿಸಿದರು? ಮುಂದೆ ಹೃದಯದ ವಿಭಾಗ ಬೇಕೇ, ಮೂಳೆಯದು ಬೇಕೇ? ಹಾಸಿಗೆಯ ಚಾದರ ಸ್ವಚ್ಛವಾಗಿತ್ತೇ?

“ಪರವಾಗಿಲ್ಲ. ಸ್ವಲ್ಪ ವಾಸನೆ ಇತ್ತು,” ಎಂದಳು ಆಕೆ.

ಮೇಡಂ ಅದನ್ನೂ ಒತ್ತಿಕೊಂಡರು. ಆಕೆಯ ಮೂಗಿಗೂ ಒಂದು ಪ್ರಶ್ನೆ ಇತ್ತು. ಆ ಚಾದರ ಒಗೆದವಳು ಗೇಟಿನ ಹೊರಗೆ ಛತ್ರಿ ಹಿಡಿದಿದ್ದಳು.

ಮೂರನೇ ದಿನ ನಮ್ಮ ಸಾಲಿಗೆ ಬಂದೆವು. ನಾನು ಕರೆದರೆ ಬಾಗಿಲು ತೆಗೆದರು. ಮುಖ ಗಂಟು ಹಾಕಿಕೊಂಡೇ ತೆಗೆದರು. ಮೊದಲನೇ ಪ್ರಶ್ನೆ, ಮನೆಯಲ್ಲಿ ಎಷ್ಟು ಜನ. ಎರಡನೆಯದು, ಯಾರ ವಯಸ್ಸು ಎಷ್ಟು. ಮೂರನೆಯದು, ಎಷ್ಟು ವರ್ಷದಿಂದ ಇಲ್ಲಿದ್ದೀರಿ. ನಾಲ್ಕನೆಯದು, ಕಳೆದ ಹನ್ನೆರಡು ತಿಂಗಳಲ್ಲಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದಿದ್ದೀರಾ?

“ಇಲ್ಲ.”

ಮೇಡಂ ಬೆರಳು ಒತ್ತಿದರು. “ಧನ್ಯವಾದ,” ಎಂದರು. ಎದ್ದರು.

ಎರಡನೇ ಮನೆ. ಇಲ್ಲ. ಧನ್ಯವಾದ. ಮೂರನೇ ಮನೆ. ಇಲ್ಲ. ಧನ್ಯವಾದ. ಎರಡೆರಡು ನಿಮಿಷ. ನೀರಿನ ಬಾಟಲಿಯ ಮುಚ್ಚಳ ತೆಗೆಯುವಷ್ಟೂ ಪುರುಸೊತ್ತಿಲ್ಲ. ಒಂಟಿಗಾಲಣ್ಣನ ಮನೆಯಲ್ಲೂ ಅಷ್ಟೇ. ಅವನ ಕಾಲಿನ ಮೇಲೆ ಬಟ್ಟೆ ಹಿಂಡುವ ಯಂತ್ರ ಬಿದ್ದಿತ್ತು. ಕೌಂಟರಿನಲ್ಲಿ ಕಾರ್ಡ್ ಇಲ್ಲವೆಂದು ವಾಪಸ್ ಕಳಿಸಿದರು. ಗಾಯ ಕೊಳೆಯಿತು. ಕೊನೆಗೆ ದೂರದ ಯಾವುದೋ ಧರ್ಮದಾಸ್ಪತ್ರೆಯಲ್ಲಿ ಮಂಡಿಯ ಮೇಲಕ್ಕೆ ಕತ್ತರಿಸಿದರು. ಅವನು ಮೊಂಡುಗಾಲು ಮುಂದೆ ಚಾಚಿಕೊಂಡು ಕೂತಿದ್ದ. ಮೇಡಂ ಅದನ್ನು ನೋಡಿದರು. ನೋಡಿಯೂ ಕೇಳಿದರು. “ಈ ಆಸ್ಪತ್ರೇಲಿ ಇಲ್ಲ,” ಎಂದ. ಧನ್ಯವಾದ.

ಕಾರ್ಡಿನ ವಿಷಯ ಹೇಳಿಬಿಡುತ್ತೇನೆ. ಆಸ್ಪತ್ರೆಯಲ್ಲಿ ತೋರಿಸಿಕೊಳ್ಳಲು ಕಾರ್ಡ್ ಬೇಕು. ಕಾರ್ಡ್ ಬೇಕೆಂದರೆ ಮನೆ ನಂಬರು ಬೇಕು. ನಮ್ಮ ಸಾಲಿಗೆ ನಂಬರಿಲ್ಲ, ಯಾಕೆಂದರೆ ಅದು ಆಸ್ಪತ್ರೆಯ ಜಾಗ. ಆಸ್ಪತ್ರೆಯ ಕೆಲಸದವರ ಲೆಕ್ಕದಲ್ಲಾದರೂ ಸೇರಿಸಿ ಎಂದರೆ, ನೀವು ಕಂತ್ರಾಟಿನವರು ಎನ್ನುತ್ತಾರೆ. ಸುತ್ತಿ ಸುತ್ತಿ ಅದೇ ಗೋಡೆಗೆ ಹಣೆ ಬಡಿಯುತ್ತದೆ.

ನಮ್ಮ ಮನೆ ಬಂತು. ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ನಲವತ್ತು ವರ್ಷ ಬ್ಲೀಚಿಂಗ್ ಪುಡಿಯ ಗಾಳಿ ಕುಡಿದ ಎದೆ ಅವಳದು. ಉಸಿರೆಳೆದರೆ ಒಳಗೆ ಯಾರೋ ಸೀಟಿ ಊದಿದ ಹಾಗೆ. ನಾದಿನಿ ಬಂದು ಹೊಸ್ತಿಲ ಮೇಲೆ ಕೂತಳು. ನನ್ನ ಗಂಡನ ತಂಗಿ ಅವಳು. ಗಂಡ ಬಿಟ್ಟುಹೋದ ಮೇಲೆ ನಮ್ಮ ಜೊತೆಗೇ ಇದ್ದಾಳೆ.

“ಕಳೆದ ಹನ್ನೆರಡು ತಿಂಗಳಲ್ಲಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದಿದ್ದೀರಾ?”

“ಹೋಗಿದ್ದೆ.”

“ಚಿಕಿತ್ಸೆ ಸಿಕ್ತಾ?”

“ಹೋಗಿದ್ದೆ ಅಂದೆನಲ್ಲ.”

ಮೇಡಂ ಟ್ಯಾಬು ನೋಡಿದರು. “ಅಮ್ಮಾ, ಹೋಗೋದು ಬೇರೆ, ಪಡೆಯೋದು ಬೇರೆ. ಇದರಲ್ಲಿ ಹೌದು ಅಥವಾ ಇಲ್ಲ, ಎರಡೇ ಇದೆ.”

“ಹಂಗಾದ್ರೆ ಇಲ್ಲ ಅಂತ ಒತ್ತಿ,” ಎಂದಳು ನಾದಿನಿ.

ಒತ್ತಿದರು. ಪರದೆಯ ಮೇಲೆ ಹಸಿರು ಬಣ್ಣದ ಗುರುತು ಬಂತು. ಮುಗಿಯಿತು. ಸಂದರ್ಶನ ಪೂರ್ಣಗೊಂಡಿದೆ.

ನಾದಿನಿ ಎದ್ದು ಒಳಗೆ ಹೋದಳು. ಮೇಡಂ ಕೈ ಹಿಡಿದು ಶೆಡ್ಡಿನ ಹಿಂದಕ್ಕೆ ಎಳೆದುಕೊಂಡು ಹೋದೆ.

“ನಾಲ್ಕನೇ ಪ್ರಶ್ನೆ ಆದಮೇಲೆ ಎಷ್ಟು ಪ್ರಶ್ನೆ ಇದೆ?”

“ಐವತ್ತಾರು.”

“ಅದನ್ನ ಯಾಕೆ ನಮಗೆ ಕೇಳಲ್ಲ?”

“ಆಸ್ಪತ್ರೆ ಬಳಸಿದವರ ಅನುಭವದ ಪ್ರಶ್ನೆಗಳು ಅಕ್ಕ. ಬಳಸದೇ ಇದ್ದವರಿಗೆ ಅನ್ವಯ ಆಗಲ್ಲ. ಫಾರಂ ಇರೋದೇ ಹಾಗೆ.”

“ಬಳಸೋಕೆ ಬಿಡದೇ ಇದ್ದವರಿಗೆ?”

ಅವರು ಟ್ಯಾಬಿನ ಪರದೆ ಆರಿಸಿದರು.

ಆಗ ಹೇಳಿದೆ. ಹೇಳಬಾರದು ಎಂದುಕೊಂಡಿದ್ದೆ. ಇವರಿಗೆ ಹೇಳಿದರೆ ಇದೂ ಎಲ್ಲಿಗೋ ಹೋಗಿ ಯಾವುದಕ್ಕೋ ಬಳಕೆಯಾಗುತ್ತದೆ ಎಂದು ಭಯ. ಆದರೂ ಬಾಯಿ ನಿಲ್ಲಲಿಲ್ಲ.

ಹೋದ ವರ್ಷ ನಾದಿನಿಗೆ ತುಂಬು ತಿಂಗಳು. ಬೆಳಿಗ್ಗೆ ಹತ್ತಕ್ಕೆ ಬಟ್ಟೆ ಹಿಂಡುತ್ತಿದ್ದಾಗಲೇ ನೋವು ಬಂತು. ನಾನು, ಅತ್ತೆ ಎರಡು ಕಡೆ ಹಿಡಿದುಕೊಂಡು ಮುಂದಿನ ಕೌಂಟರಿಗೆ ಹೋದೆವು. ಗುಮಾಸ್ತ ತಲೆ ಎತ್ತದೆ ಕಾರ್ಡ್ ಕೇಳಿದ. ಇಲ್ಲವೆಂದೆ. “ಪಕ್ಕಕ್ಕೆ ನಿಲ್ಲಿ.” ಪಕ್ಕಕ್ಕೆ ನಿಂತೆವು. ಅವಳ ಕಾಲಿನ ಮೇಲೆ ನೀರು ಹರಿಯಿತು. ನೆಲ ಒದ್ದೆಯಾಯಿತೆಂದು ಕಾವಲಿನವನು ಬೈದ. ಹೊರಗೆ ದಬ್ಬಿದ. ಆಸ್ಪತ್ರೆ ಸುತ್ತಿಕೊಂಡು ಹಿಂಬಾಗಿಲಿಗೆ ಬರುವಷ್ಟರಲ್ಲಿ ಅವಳಿಗೆ ಹೆಜ್ಜೆ ಇಡಲು ಆಗಲಿಲ್ಲ. ಶೆಡ್ಡಿನಲ್ಲಿ ಒಗೆದು ಒಣಗಿಸಿದ ಚಾದರಗಳ ರಾಶಿಯ ಮೇಲೆ ಮಲಗಿಸಿದೆವು. ಹೆಣ್ಣು ಮಗು. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿತ್ತು. ಹಿಂಬಾಗಿಲ ಬಳಿ ಗಾಯಕ್ಕೆ ಪಟ್ಟಿ ಕಟ್ಟುವ ಡ್ರೆಸ್ಸಿಂಗ್ ಕೋಣೆಯಿಂದ ಹಳೇ ನರ್ಸಮ್ಮ ಓಡಿಬಂದರು. ಬಿಡಿಸಿದರು, ಬಾಯಿಗೆ ಬಾಯಿಟ್ಟು ಊದಿದರು. ಮಗುವಿನ ನೀಲಿ ಬಣ್ಣ ಬದಲಾಗಲಿಲ್ಲ.

ಮೇಸ್ತ್ರಿ ಬಂದ. ಮಗುವನ್ನು ನೋಡಲಿಲ್ಲ. ಚಾದರ ನೋಡಿದ. “ಒಗೆದ ಬಟ್ಟೆ ಎಲ್ಲಾ ಹಾಳು ಮಾಡಿದ್ರಲ್ಲ,” ಎಂದ. ಹನ್ನೊಂದು ಚಾದರ. ನಾನೇ ಒಗೆದೆ. ತಣ್ಣೀರಲ್ಲಿ.

ಮೇಡಂ ಕಣ್ಣು ಒರೆಸಿಕೊಂಡರು. ನನಗೆ ಅವರ ಕಣ್ಣೀರು ಬೇಕಿರಲಿಲ್ಲ. “ಇದನ್ನ ಎಲ್ಲಿ ಬರೀತೀರಿ?” ಎಂದು ಕೇಳಿದೆ.

“ಕೊನೇಲಿ ಷರಾ ಅಂತ ಒಂದು ಜಾಗ ಇದೆ. ಮುಗಿದ ಮೇಲೂ ತೆರೆದು ಅಲ್ಲಿ ಬರೀಬಹುದು.” ಅಲ್ಲೇ ನಿಂತು ಟೈಪು ಮಾಡಿ ನನಗೆ ತೋರಿಸಿದರು. ಓದಿದೆ. ಹೇಳಿದ ಹಾಗೇ ಇತ್ತು.

“ಇದನ್ನ ಮೇಲಿನವರು ಓದ್ತಾರಾ?”

“ಓದಬೇಕು.”

“ಓದಬೇಕು ಅನ್ನೋದು ಬೇರೆ, ಓದೋದು ಬೇರೆ. ಅಲ್ವಾ ಮೇಡಂ?”

ಅವರು ಟ್ಯಾಬು ಚೀಲಕ್ಕೆ ಹಾಕಿಕೊಂಡರು. ಉಳಿದ ದಿನಗಳಲ್ಲಿ ಪ್ರತಿ ಮನೆಯಲ್ಲೂ ‘ಇಲ್ಲ’ ಒತ್ತುವ ಮೊದಲು ಷರಾ ಬರೆದರು. ಎರಡು ನಿಮಿಷದ ಮನೆ ಇಪ್ಪತ್ತು ನಿಮಿಷವಾಯಿತು. ಜನ ಬಾಯಿ ಬಿಟ್ಟರು. ಅತ್ತೆ ಮಾತ್ರ ನನ್ನನ್ನು ಬೈದಳು. “ಬಾಯಿ ಬಿಡಿಸೋದು ಸುಲಭ ಕಣೇ. ಬಿಡಿಸಿದ್ದನ್ನ ಎಲ್ಲಿ ಹೂಳ್ತಾರೆ ನೋಡು.”

ಎರಡು ತಿಂಗಳಾದ ಮೇಲೆ ಸಭೆಗೆ ಕರೆದರು. ನಾನು ಸಮುದಾಯ ಪ್ರತಿನಿಧಿಯಂತೆ. ಯಾರು ಆರಿಸಿದರೋ. ಮೇಸ್ತ್ರಿ ಹೊಸ ಸೀರೆ ಉಟ್ಟುಕೊಂಡು ಬಾ ಎಂದ. ಇದ್ದದ್ದನ್ನೇ ಉಟ್ಟುಕೊಂಡು ಹೋದೆ. ಮುಂಬಾಗಿಲಿನಿಂದ ಬಂದು ಕೌಂಟರ್ ದಾಟಿ ಒಳಗೆ ಹೋದದ್ದು ಜೀವಮಾನದಲ್ಲಿ ಅದೇ ಮೊದಲು. ತಣ್ಣನೆಯ ಕೋಣೆ. ಉದ್ದ ಮೇಜು. ಡಾಕ್ಟರುಗಳು, ಅಧಿಕಾರಿಗಳು, ಫೋಟೋ ತೆಗೆಯುವವನು, ಮುಂದಿನ ರಸ್ತೆಯ ನಾಲ್ಕು ಜನ. ಸರ್ವೆ ಮೇಡಂ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ಅದನ್ನು ನೋಡಿದಾಗಲೇ ನನಗೆ ಗೊತ್ತಾಯಿತು.

ಯೋಜನೆಯ ಮುಖ್ಯಸ್ಥರು ಪರದೆಯ ಮೇಲೆ ಗೆರೆಗಳನ್ನು ತೋರಿಸಿದರು. ಮುಂದಿನ ರಸ್ತೆಯ ಗೆರೆ ನೀಲಿ. ಅದು ಹದಿನೈದು ವರ್ಷದುದ್ದಕ್ಕೂ ಮೇಲೆ ಮೇಲೆ ಏರುತ್ತಿತ್ತು. ಹೃದಯದ ವಿಭಾಗಕ್ಕೆ ಅರವತ್ತು ಹಾಸಿಗೆ ಬೇಕು. ಆಮೇಲೆ ಒಂದು ಕೆಂಪು ಗೆರೆ ಬಂತು. ಅದು ತಳಕ್ಕೆ ಅಂಟಿಕೊಂಡು ಮಲಗಿತ್ತು.

“ಇದು ಹಿಂಬದಿ ವಸತಿ,” ಎಂದರು. “ಇಲ್ಲಿನವರಿಂದ ಸೇವೆಗೆ ಬೇಡಿಕೆ ಇಲ್ಲವೆನ್ನುವಷ್ಟು ಕಡಿಮೆ. ಹಿಂಬಾಗಿಲ ಡ್ರೆಸ್ಸಿಂಗ್ ಕೋಣೆಯ ದಾಖಲೆ ನೋಡಿದರೂ ವರ್ಷಕ್ಕೆ ಹನ್ನೊಂದು ರೋಗಿಗಳು. ಅದನ್ನು ಮುಚ್ಚಿ ಆ ಜಾಗವನ್ನು ಉಗ್ರಾಣ ಮಾಡಬಹುದು.”

ಆ ಕೋಣೆಗೆ ನಾವು ದಿನಕ್ಕೆ ಹನ್ನೊಂದು ಜನ ಹೋಗುತ್ತಿದ್ದೆವು. ಸೋಡಾ ಸುಟ್ಟ ಕೈಗೆ ಮುಲಾಮು, ಸೂಜಿ ಚುಚ್ಚಿದ ಬೆರಳಿಗೆ ಔಷಧಿ. ಕಾರ್ಡ್ ಇಲ್ಲದವರನ್ನು ಬರೆದುಕೊಂಡರೆ ತನ್ನ ಕೆಲಸಕ್ಕೆ ಕುತ್ತು ಎಂದು ನರ್ಸಮ್ಮ ಬರೆದುಕೊಳ್ಳುತ್ತಿರಲಿಲ್ಲ. ಅವರಿಗೆ ತೊಂದರೆಯಾಗದಿರಲೆಂದು ನಾವೂ ಸರ್ವೆಯಲ್ಲಿ ಇಲ್ಲ ಎಂದೇ ಹೇಳಿದ್ದೆವು. ನಮ್ಮ ಮೇಲಿನ ಕರುಣೆಯೇ ನಮಗೆ ಮುಳುವಾಯಿತು.

ಕೆಂಪು ಗೆರೆಯನ್ನೇ ನೋಡಿದೆ. ಹದಿನೈದು ವರ್ಷ ನಮ್ಮ ಸಾಲಿನಲ್ಲಿ ಯಾರಿಗೂ ಜ್ವರ ಬರುವುದಿಲ್ಲ. ಯಾರೂ ಬಸುರಿಯಾಗುವುದಿಲ್ಲ. ಯಾರ ಎದೆಯೂ ಸೀಟಿ ಊದುವುದಿಲ್ಲ. ಅಷ್ಟು ಆರೋಗ್ಯವಂತರು ನಾವು.

ಒಂದು ಕಾಗದ ನನ್ನ ಮುಂದೆ ಬಂತು. ‘ಸಮುದಾಯದೊಂದಿಗೆ ಸಮಾಲೋಚನೆ ನಡೆಸಿ, ಅವರ ಒಪ್ಪಿಗೆ ಪಡೆಯಲಾಗಿದೆ.’ ಕೆಳಗೆ ನನ್ನ ಹೆಸರು. ಪಕ್ಕದಲ್ಲಿ ಖಾಲಿ ಜಾಗ.

“ಸಹಿ ಮಾಡಮ್ಮ,” ಎಂದರು ಮುಖ್ಯಸ್ಥರು. ಮೆತ್ತಗೇ ಹೇಳಿದರು.

“ಷರಾದಲ್ಲಿ ಬರೆದಿದ್ದು ಎಲ್ಲಿ ಸ್ವಾಮಿ?”

“ಏನು?”

“ಮೇಡಂ ಷರಾ ಬರೆದಿದ್ರು. ಪ್ರತಿ ಮನೇದೂ. ನಾನೇ ಓದಿದೀನಿ.”

ಅವರು ಮೇಡಂ ಕಡೆ ನೋಡಿದರು. ಮೇಡಂ ಕುರ್ಚಿಯಿಂದ ಅರ್ಧ ಎದ್ದರು. “ಸರ್, ಹಿಂಬದಿ ವಸತೀಲಿ ಚಿಕಿತ್ಸೆ ನಿರಾಕರಿಸಿದ್ದು ತುಂಬಾ...”

“ಷರಾಗಳನ್ನ ಎಣಿಸೋಕೆ ಆಗಲ್ಲ. ಅವು ಹೇಳಿಕೆಗಳು. ದಾಖಲೆ ಬೇಕು.” ಆಮೇಲೆ ನನ್ನ ಕಡೆ ತಿರುಗಿದರು. “ನಿಮ್ಮನ್ನ ವಾಪಸ್ ಕಳಿಸಿದ್ರು ಅನ್ನೋದಕ್ಕೆ ಏನಾದ್ರೂ ದಾಖಲೆ ಇದೆಯಾ?”

“ವಾಪಸ್ ಕಳಿಸೋನು ಬರೆದು ಕಳಿಸ್ತಾನಾ ಸ್ವಾಮಿ?”

ಯಾರೋ ನಕ್ಕರು. ಬಾಗಿಲ ಬಳಿ ಇದ್ದ ಮೇಸ್ತ್ರಿ ನನ್ನ ಹಿಂದೆ ಬಂದು ನಿಂತ. “ಸುಮ್ನೆ ಸಹಿ ಹಾಕು. ತಲೆಹರಟೆ ಬೇಡ,” ಎಂದು ಹಲ್ಲು ಕಚ್ಚಿ ಹೇಳಿದ. ನಾನು ಪೆನ್ನು ಮುಟ್ಟಲಿಲ್ಲ. ಅವನು ಶಾಯಿಯ ಡಬ್ಬಿ ಎಳೆದುಕೊಂಡ. “ಇವಳಿಗೆ ಸಹಿ ಸರಿಯಾಗಿ ಬರಲ್ಲ ಸಾರ್. ಹೆಬ್ಬೆಟ್ಟು ಒತ್ತಿಸ್ತೀನಿ.” ನನ್ನ ಮಣಿಕಟ್ಟು ಹಿಡಿದ. ಬೆರಳನ್ನು ಶಾಯಿಗೆ ಅದ್ದಿದ. ಹದಿನೈದು ಜನ ನೋಡುತ್ತಿದ್ದರು. ಒಬ್ಬರೂ ಬೇಡ ಎನ್ನಲಿಲ್ಲ.

ಅವನನ್ನು ನಾನು ಹನ್ನೆರಡು ವರ್ಷದಿಂದ ‘ನೀವು’ ಎಂದೇ ಮಾತಾಡಿಸಿದವಳು.

“ಕೈ ಬಿಡು,” ಎಂದೆ.

ಬಿಡಲಿಲ್ಲ.

“ಕೈ ಬಿಡೋ!”

ಆ ಕೋಣೆಯಲ್ಲಿ ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅವನ ಹಿಡಿತ ಸಡಿಲವಾಯಿತು. ಕೈ ಕಿತ್ತುಕೊಂಡೆ. ಶಾಯಿಯ ಬೆರಳನ್ನು ನನ್ನ ಸೀರೆಗೇ ಒರೆಸಿಕೊಂಡೆ. “ನಾನು ಒಪ್ಪಿಲ್ಲ. ನಮ್ಮ ಸಾಲು ಒಪ್ಪಿಲ್ಲ. ಬೇಕಿದ್ರೆ ಅದನ್ನ ಬರ್ಕೊಳ್ಳಿ,” ಎಂದು ಹೇಳಿ ಹೊರಗೆ ಬಂದೆ. ಮೆಟ್ಟಿಲ ಮೇಲೆ ಕೂರಬೇಕೆನಿಸಿತು. ಕಾವಲಿನವನು ನೋಡುತ್ತಿದ್ದ. ಕೂರಲಿಲ್ಲ.

ಮರುದಿನದಿಂದ ನನ್ನನ್ನು ಸೋಡಾ ತೊಟ್ಟಿಗೆ ಹಾಕಿದರು. ಎರಡು ವಾರಕ್ಕೆ ಡ್ರೆಸ್ಸಿಂಗ್ ಕೋಣೆಗೆ ಬೀಗ ಬಿತ್ತು. ನರ್ಸಮ್ಮನನ್ನು ಎಲ್ಲಿಗೋ ವರ್ಗ ಮಾಡಿದರು. ಸುಟ್ಟ ಕೈಗೆ ನಾವು ಎಣ್ಣೆ ಹಚ್ಚಿಕೊಳ್ಳತೊಡಗಿದೆವು.

ಒಂದು ಮಧ್ಯಾಹ್ನ ಸರ್ವೆ ಮೇಡಂ ಶೆಡ್ಡಿಗೆ ಬಂದರು. ಹೊಳೆಯುವ ರಟ್ಟಿನ ಪುಸ್ತಕ ಕೊಟ್ಟರು. ವರದಿ ಅಚ್ಚಾಗಿತ್ತು. ಏಳನೇ ಪುಟದಲ್ಲಿ ನನ್ನ ಫೋಟೋ. ಸಭೆಯಲ್ಲಿ ಬಾಯಿ ತೆರೆದು ಕೂಗುತ್ತಿದ್ದೇನೆ. ಕೆಳಗೆ ಬರೆದಿತ್ತು: ‘ಯೋಜನೆಯಲ್ಲಿ ಸಮುದಾಯದ ಸಕ್ರಿಯ ಭಾಗವಹಿಸುವಿಕೆ.’

ಹೆಂಗಸರು ಸುತ್ತ ಬಂದು ಬಗ್ಗಿ ನೋಡಿದರು. ಒಬ್ಬಳು ನಗತೊಡಗಿದಳು. ನಗು ಎಲ್ಲರಿಗೂ ಹತ್ತಿತು. ನನಗೂ ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮೇಡಂ ಮಾತ್ರ ನಗಲಿಲ್ಲ.

“ಅಕ್ಕ, ಒಂದು ಮಾತು,” ಎಂದು ನನ್ನನ್ನು ಪಕ್ಕಕ್ಕೆ ಕರೆದರು. “ತುರ್ತು ರೋಗೀನ ಕಾರ್ಡ್ ಇಲ್ಲ ಅಂತ ವಾಪಸ್ ಕಳಿಸೋ ಹಾಗಿಲ್ಲ. ನಿಯಮಾನೇ ಇದೆ. ಕೌಂಟರಿನ ಮೇಲೆ ಬೋರ್ಡ್ ಕೂಡ ಹಾಕಿದಾರೆ. ಆದ್ರೆ ವಾಪಸ್ ಕಳಿಸಿದ್ದು ಎಲ್ಲೂ ದಾಖಲಾಗಲ್ಲ. ದಾಖಲಾಗದ್ದು ನಡೆದೇ ಇಲ್ಲ ಅಂತ ಲೆಕ್ಕ. ಬರವಣಿಗೇಲಿ ಒಂದೇ ಒಂದು ಸಿಕ್ಕಿದ್ರೂ ಅವರು ಉತ್ತರ ಕೊಡಬೇಕಾಗುತ್ತೆ.”

“ಇದನ್ನ ನಮಗೆ ಯಾಕೆ ಹೇಳ್ತಿದೀರಿ?”

ಮೇಡಂ ಮುಖ ಕೆಂಪಾಯಿತು. “ಹೇಳಬೇಕು ಅನ್ನಿಸ್ತು. ನನ್ನ ಹೆಸರು ಮಾತ್ರ ಎಲ್ಲೂ ಹೇಳಬೇಡಿ.”

ಅವರ ಹೆಸರೂ ದಾಖಲಾಗಬಾರದು. ಅದು ನನಗೆ ಅರ್ಥವಾಯಿತು. ನಂಬಿಕೆ ಬರಲಿಲ್ಲ. ಆದರೆ ಮಾತು ನಿಜವೋ ಸುಳ್ಳೋ ಎಂದು ನೋಡಬಹುದಿತ್ತು. ಸಂಜೆ ಕೆಲಸ ಬಿಟ್ಟ ಮೇಲೆ ಮುಂದಿನ ಬಾಗಿಲ ಹತ್ತಿರ ಹೋಗಿ ಗಾಜಿನಾಚೆಯಿಂದ ಓದಿದೆ. ಬೋರ್ಡ್ ಇತ್ತು. ಹಸಿರು ಅಕ್ಷರ. ಇಷ್ಟು ವರ್ಷ ಅಲ್ಲಿ ತಲೆ ಎತ್ತಿ ನಿಲ್ಲಲು ಯಾರೂ ಬಿಟ್ಟಿರಲಿಲ್ಲ.

ಶೆಡ್ಡಿನಲ್ಲಿ ಮಾತಾಡಿಕೊಂಡೆವು. ಅತ್ತೆಯನ್ನು ಬಿಟ್ಟು ಹತ್ತೊಂಬತ್ತು ಹೆಂಗಸರು. ಇನ್ನು ಮೇಲೆ ಕೌಂಟರಿಗೆ ಒಬ್ಬಂಟಿ ಯಾರೂ ಹೋಗುವುದು ಬೇಡ. ಹೋದವರು ಹಾಸಿಗೆ ಸಿಗದೆ ವಾಪಸ್ ಬರುವುದು ಬೇಡ. ಹಾಸಿಗೆ ಕೊಡದಿದ್ದರೆ ಕಾಗದ ಕೊಡಲಿ.

“ಕೆಲಸದಿಂದ ತೆಗೀತಾರೆ,” ಎಂದಳು ಒಬ್ಬಳು.

“ಎಲ್ಲರನ್ನೂ ತೆಗೆದ್ರೆ ಒಗೆಯೋದು ಯಾರು? ಮೇಸ್ತ್ರಿ ಹೆಂಡ್ತೀನಾ?” ಎಂದಳು ನಾದಿನಿ.

ಐದನೇ ದಿನಕ್ಕೆ ಅತ್ತೆ ಬಿದ್ದಳು. ಬೆಳಿಗ್ಗೆ ಹನ್ನೊಂದರ ಹೊತ್ತು. ಬ್ಲೀಚಿಂಗ್ ಪುಡಿಯ ಚೀಲ ಒಡೆದು ತೊಟ್ಟಿಗೆ ಸುರಿಯುತ್ತಿದ್ದಳು. ಬಿಳಿ ಮೋಡ ಎದ್ದಿತು. ಅವಳು ಎದೆ ಹಿಡಿದುಕೊಂಡು ಕುಸಿದಳು. ತುಟಿ ನೀಲಿಯಾಯಿತು. ಆ ನೀಲಿಯನ್ನು ನಾನೂ ನಾದಿನಿಯೂ ಮೊದಲೇ ನೋಡಿದ್ದೆವು. ಒದ್ದೆ ಬಟ್ಟೆ ಸಾಗಿಸುವ ತಳ್ಳುಗಾಡಿಯಲ್ಲಿ ಅವಳನ್ನು ಮಲಗಿಸಿ ತಳ್ಳಿದೆವು. ಯಂತ್ರಗಳು ತಿರುಗುತ್ತಲೇ ಇದ್ದವು. ಹತ್ತೊಂಬತ್ತು ಜನರೂ ಬಂದರು. ಮೊಣಕೈವರೆಗೆ ಒದ್ದೆ ಕೈ, ಸೋಡಾ ವಾಸನೆ. ಮುಂಬಾಗಿಲಲ್ಲಿ ಕಾವಲಿನವನು ಅಡ್ಡ ಬಂದ. ಗಾಡಿ ನಿಲ್ಲಿಸಲಿಲ್ಲ. ಅವನೇ ಪಕ್ಕಕ್ಕೆ ಹಾರಿದ.

“ಕಾರ್ಡ್?” ಎಂದ ಗುಮಾಸ್ತ.

“ಇಲ್ಲ.”

“ಹಾಗಾದ್ರೆ ಆಗಲ್ಲ. ಪಕ್ಕಕ್ಕೆ ನಿಲ್ಲಿ.”

ನಾನು ಕಾಗದ, ಪೆನ್ನು ಅವನ ಮುಂದಿಟ್ಟೆ. “ಆಗಲ್ಲ ಅಂತ ಬರೆದುಕೊಡಿ.”

ಆಗ ತಲೆ ಎತ್ತಿದ. “ಏನು?”

“ಈ ಹೆಂಗಸಿಗೆ ಉಸಿರು ಸಿಕ್ತಿರಲಿಲ್ಲ, ತುಟಿ ನೀಲಿಯಾಗಿತ್ತು, ಗಾಡೀಲಿ ತಳ್ಕೊಂಡು ಬಂದ್ರು, ನಾನು ವಾಪಸ್ ಕಳಿಸಿದೆ ಅಂತ. ಕೆಳಗೆ ಸಹಿ. ಟೈಮೂ ಹಾಕಿ.”

“ಹಂಗೆಲ್ಲ ಬರೆದುಕೊಡೋ ಪದ್ಧತಿ ಇಲ್ಲ.”

“ವಾಪಸ್ ಕಳಿಸೋ ಪದ್ಧತಿ ಇದೆಯಲ್ಲ. ಅದನ್ನೇ ಬರೀರಿ.” ಬೋರ್ಡಿನ ಕಡೆ ಕೈ ತೋರಿಸಿ ಜೋರಾಗಿ ಓದಿದೆ. ಸಾಲಿನಲ್ಲಿ ನಿಂತವರೆಲ್ಲ ತಲೆ ಎತ್ತಿ ಓದಿದರು.

ಮೇಸ್ತ್ರಿ ಓಡಿಬಂದ. “ಕೆಲಸ ಬಿಟ್ಟು ಬಂದಿದೀರಾ? ನಾಳೆಯಿಂದ ಒಬ್ಬಳೂ ಬರಬೇಡಿ!”

“ಅದನ್ನೂ ಬರೆದುಕೊಡು,” ಎಂದಳು ನಾದಿನಿ.

ಸಾಲಿನಲ್ಲಿದ್ದ ಒಬ್ಬ ಮುದುಕ ನಕ್ಕ. “ಬರೆದುಕೊಡ್ರಿ, ಅದಕ್ಯಾಕೆ ಹೆದರ್ತೀರಿ?” ಎಂದ. ಹಿಂದಿನಿಂದ ಇನ್ನಾರೋ, “ಮೊದಲು ಆಯಮ್ಮನ್ನ ಒಳಗೆ ಕಳಿಸ್ರಿ,” ಎಂದು ಕೂಗಿದರು. ಗಾಡಿಯಲ್ಲಿ ಅತ್ತೆಯ ಎದೆ ಮೇಲೆದ್ದು ಮೇಲೆದ್ದು ಬೀಳುತ್ತಿತ್ತು. ಗುಮಾಸ್ತ ಕಾಗದ ನೋಡಿದ. ಬೋರ್ಡ್ ನೋಡಿದ. ನನ್ನ ಮುಖ ನೋಡಿದ. ಕೊನೆಗೆ ಕಾಗದ ನನ್ನ ಕಡೆಗೇ ತಳ್ಳಿ, ಪಕ್ಕದ ದೊಡ್ಡ ಪುಸ್ತಕ ಎಳೆದುಕೊಂಡು ಬರೆದ. ಒಳಗಿನಿಂದ ಸ್ಟ್ರೆಚರ್ ಬಂತು.

ಅತ್ತೆ ಆರು ದಿನ ಒಳಗಿದ್ದಳು. ಮೂರನೇ ದಿನ ಮೂಗಿನ ನಳಿಕೆ ತೆಗೆದ ಮೇಲೆ ಅವಳ ಮೊದಲ ಮಾತು ಚಾದರದ ಬಗ್ಗೆ. ಅಂಚು ಹಿಡಿದು ಬೆಳಕಿಗೆ ಒಡ್ಡಿ ನೋಡಿ, “ಇದನ್ನ ಒಗೆದೋಳು ಸೋಮಾರಿ,” ಎಂದಳು.

ಮೇಸ್ತ್ರಿ ಹೇಳಿದ ಹಾಗೇ ನಮ್ಮನ್ನು ಶೆಡ್ಡಿಗೆ ಸೇರಿಸಲಿಲ್ಲ. ಒಗೆಯದ ಬಟ್ಟೆಯ ರಾಶಿ ಎರಡೇ ದಿನಕ್ಕೆ ಶೆಡ್ಡಿನ ಕಿಟಕಿ ಮುಚ್ಚಿತು. ಮೂರನೇ ದಿನ ಹದಿನೆಂಟು ಜನರನ್ನು ವಾಪಸ್ ಕರೆದರು. ನನ್ನನ್ನು ಕರೆಯಲಿಲ್ಲ. ನನ್ನನ್ನು ಬಿಟ್ಟು ಬರುವುದಿಲ್ಲವೆಂದು ಅವರು ಒಂದು ದಿನ ಕೂತರು. ನಾನೇ ಕಳಿಸಿದೆ. ಎಲ್ಲರ ಒಲೆಯೂ ಆರಬಾರದು.

ಈಗ ಬೆಳಿಗ್ಗೆ ಎಂಟರಿಂದ ಹನ್ನೆರಡರವರೆಗೆ ಕೌಂಟರಿನ ಎದುರಿನ ಬೆಂಚಿನ ಮೇಲೆ ಕೂರುತ್ತೇನೆ. ಆಮೇಲೆ ಮೂರು ಮನೆಗಳಲ್ಲಿ ಪಾತ್ರೆ ತಿಕ್ಕುತ್ತೇನೆ. ಗುಮಾಸ್ತನಿಗೆ ನನ್ನನ್ನು ಕಂಡರೆ ಮೈಯೆಲ್ಲ ಉರಿ. ಯಾರನ್ನಾದರೂ ಪಕ್ಕಕ್ಕೆ ನಿಲ್ಲಿ ಎಂದರೆ ನಾನು ಎದ್ದು ಹೋಗಿ ಕಾಗದ ಇಡುತ್ತೇನೆ. ಬಹಳ ಸಲ ಅಷ್ಟರಲ್ಲೇ ಒಳಗೆ ಕಳಿಸುತ್ತಾನೆ. ಕಳಿಸದಿದ್ದರೆ, ಬರೆದೂ ಕೊಡದಿದ್ದರೆ, ನಾನೇ ಬರೆಯುತ್ತೇನೆ. ಯಾರು, ಯಾವತ್ತು, ಎಷ್ಟು ಹೊತ್ತಿಗೆ, ಏನು ನೋವು, ಅವನು ಏನಂದ. ಸಾಲಿನಲ್ಲಿ ನಿಂತ ಇಬ್ಬರು ಸಹಿ ಹಾಕುತ್ತಾರೆ. ಮೂವತ್ತೊಂದು ಹಾಳೆಗಳಾಗಿವೆ.

ಹೋದ ವಾರ ಸರ್ವೆ ಮೇಡಂ ಬಂದು ಬೆಂಚಿನ ಮುಂದೆ ನಿಂತರು. ಆ ಕಾಗದಗಳ ಸುದ್ದಿ ಮೇಲಿನವರೆಗೆ ಹೋಗಿದೆಯಂತೆ. ಹಿಂಬಾಗಿಲ ಕೋಣೆಯ ವಿಷಯ ಮತ್ತೆ ನೋಡುತ್ತಾರಂತೆ.

“ಕಾಗದಗಳನ್ನ ಕೊಡಿ ಅಕ್ಕ. ವರದಿಗೆ ಸೇರಿಸ್ತೀವಿ. ಆಮೇಲೆ ವಾಪಸ್ ತಂದುಕೊಡ್ತೀನಿ.”

“ಕೊಡಲ್ಲ.”

“ನನ್ನ ಮೇಲೂ ನಂಬಿಕೆ ಇಲ್ವಾ?”

“ಇಲ್ಲ ಮೇಡಂ. ಕೂತ್ಕೊಳ್ಳಿ. ಇಲ್ಲೇ ನಕಲು ಮಾಡ್ಕೊಳ್ಳಿ. ಕೊನೇಲಿ ನಿಮ್ಮ ಹೆಸರು ಬರೆದು ಸಹಿ ಹಾಕಿ.”

ಮೇಡಂ ಮೇಲಕ್ಕೆ ಹೋಗುವ ಮೆಟ್ಟಿಲ ಕಡೆ ಒಮ್ಮೆ ನೋಡಿದರು. ಆಮೇಲೆ ಚೀಲ ಕೆಳಗಿಟ್ಟು ನನ್ನ ಪಕ್ಕ ಕೂತರು. ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಬರೆಯಲು ಶುರು ಮಾಡಿದರು. ನಾನು ಒಂದೊಂದೇ ಹಾಳೆ ಹಿಡಿದು ತೋರಿಸಿದೆ. ಕೈಯಿಂದ ಬಿಡಲಿಲ್ಲ. ಅವರ ಪೆನ್ನಿನ ತುದಿಯಿಂದ ಕಣ್ಣು ತೆಗೆಯಲಿಲ್ಲ.

ಹನ್ನೆರಡನೇ ಹಾಳೆಯಲ್ಲಿ ಒಂದು ಸಾಲು ದಾಟಿ ಮುಂದೆ ಹೋದರು.

“ಮೇಡಂ, ಒಂದು ಸಾಲು ಬಿಟ್ರಿ.”

ಅವರು ಬರೆದದ್ದನ್ನು ಹೊಡೆದುಹಾಕಿದರು. ಮತ್ತೆ ಮೊದಲಿನಿಂದ ಬರೆದರು.